ಬಿಡುವಿನ ಕಾಲದಲ್ಲಿ ಹೊಲದ ಯಂತ್ರಗಳ ಜೋಪಾನ

ಒಕ್ಕಲಿಗನ ಮನೆಯಲ್ಲಿ ಎತ್ತು ದುಡಿಯದ ದಿನವೂ ಮೇವು ಬೇಡುತ್ತದೆ, ನೀರು ಬೇಡುತ್ತದೆ. ಹೀಗಾಗಿ ನಮ್ಮ ಲಕ್ಷ್ಯ ಅದರ ಮೇಲೆ ಇದ್ದೇ ಇರುತ್ತದೆ. ಯಂತ್ರದ ಮಾತು ಹಾಗಲ್ಲ. ಕೆಲಸ ತೀರಿದ ದಿನ ಅದನ್ನು ಮೂಲೆಗೆ ನೂಕಿದರೆ ಮುಂದಿನ ಹಂಗಾಮಿನವರೆಗೆ ಅದು ಏನನ್ನೂ ಕೇಳುವುದಿಲ್ಲ. ಕೇಳುವುದಿಲ್ಲವೆಂದು ನಾವು ಮರೆಯುತ್ತೇವೆ. ಆದರೆ ಸಣ್ಣ ಎಂಜಿನ್ನುಗಳು ದುಡಿದು ಕೆಡುವುದಕ್ಕಿಂತ ಸುಮ್ಮನೆ ನಿಂತು ಕೆಡುವುದೇ ಹೆಚ್ಚು. ಈ ಮಾತನ್ನು ಲಕ್ಷ್ಯದಲ್ಲಿಟ್ಟರೆ ಉಳಿದುದೆಲ್ಲ ಸುಲಭವಾಗಿ ತಿಳಿಯುತ್ತದೆ.

ನಮ್ಮ ಸಲಗರೆ, ಬೇಡಗ, ಆರಗದ ಕಡೆಗೂ ಜತ್ತ ತಾಲೂಕಿನ ಹಳ್ಳಿಗಳಲ್ಲಿಯೂ ಈಗ ಯಂತ್ರವಿಲ್ಲದ ಒಕ್ಕಲುತನ ಅಪರೂಪ. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು, ಬದುವಿನ ಹುಲ್ಲು ಕೊಯ್ಯುವ ಯಂತ್ರ, ಎಡೆ ಹೊಡೆಯುವ ಸಣ್ಣ ಯಂತ್ರ, ಬಾವಿಯ ಮೇಲಿನ ಡೀಸೆಲ್ ಎಂಜಿನ್, ಇವುಗಳಲ್ಲಿ ಒಂದಾದರೂ ಇರುತ್ತದೆ. ಇವುಗಳ ಜೊತೆ ಬರುವ ಪುಸ್ತಕ ಹೆಚ್ಚಾಗಿ ಇಂಗ್ಲಿಷ್, ಹಿಂದಿ ಇಲ್ಲವೆ ಮರಾಠಿಯಲ್ಲಿ ಇರುತ್ತದೆ. ಅದರ ಕೊನೆಯ ಪುಟಗಳಲ್ಲಿ ಬರುವ 'ಎತ್ತಿಡುವ ಕ್ರಮ'ವನ್ನು ಓದುವವರು ಕಡಿಮೆ. ಆದಕಾರಣ ಆ ಕ್ರಮವನ್ನೂ ಅದರ ಹಿಂದಿನ ಕಾರಣವನ್ನೂ ಇಲ್ಲಿ ಬರೆಯಲಾಗಿದೆ. ಕಾರಣ ತಿಳಿದವನಿಗೆ ಕ್ರಮ ಮರೆಯುವುದಿಲ್ಲ.

ಇದರಲ್ಲಿ ನಮ್ಮ ಲಾಭಹಾನಿ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡಿರಿ. ಅಕ್ಟೋಬರ್ ಛಾಟಣಿಯಾದ ಮೇಲೆ ದ್ರಾಕ್ಷಿಯ ಬಳ್ಳಿ ಎಳೆಯ ಚಿಗುರು ಬಿಟ್ಟಿರುತ್ತದೆ. ಆಗ ಹಿಂಗಾರಿಯ ಮಳೆ ಒಂದು ರಾತ್ರಿ ಹೊಡೆದು ಎಲೆ ತೊಯ್ದು ನಿಂತಿತೆಂದರೆ ಡೌನಿ ರೋಗಕ್ಕೆ ಬಾಗಿಲು ತೆರೆದಂತೆ. ಬೆಳಗಾದೊಡನೆ ಔಷಧ ಹೊಡೆಯಬೇಕು. ಆ ಬೆಳಿಗ್ಗೆಯೇ ಪಂಪು ಹೂಡದಿದ್ದರೆ? ಹಗ್ಗ ಎಳೆದೆಳೆದು ತೋಳು ಸೋತು, ಮಿಸ್ತ್ರಿಯನ್ನು ಹುಡುಕಿಕೊಂಡು ಮಿರಜಿಗೆ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಮಿಸ್ತ್ರಿಗೆ ಕೊಟ್ಟ ಹಣ ಸಣ್ಣದು. ಕಳೆದ ದಿನದ ಬೆಲೆ ದೊಡ್ಡದು. ಉಗುರಿನಿಂದ ಚಿವುಟುವುದಕ್ಕೆ ಕೊಡಲಿ ತಕ್ಕೊಳ್ಳುವ ಪ್ರಸಂಗವಿದು.

ಚಳಿ ದೇಶದ ರೀತಿ, ನಮ್ಮ ರೀತಿ

ಯುರೋಪ, ಅಮೇರಿಕೆಗಳಲ್ಲಿ ಯಂತ್ರಗಳನ್ನು ಎತ್ತಿಡುವುದು ಚಳಿಗಾಲದಲ್ಲಿ. ಅಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಲ್ಲುತ್ತದೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು ೯ರಷ್ಟು ಹಿಗ್ಗುತ್ತದೆ. ಪಂಪಿನಲ್ಲಿ ನೀರು ಉಳಿದಿದ್ದರೆ ಬೀಡುಕಬ್ಬಿಣವೂ ಸೀಳುತ್ತದೆ. ನಮ್ಮ ದೇಶದಲ್ಲೇ ಕಾಶ್ಮೀರ, ಹಿಮಾಚಲದ ಸೇಬಿನ ತೋಟಗಾರರಿಗೆ ಈ ಅಂಜಿಕೆ ಉಂಟು. ಮಿರಜ ತಾಲೂಕಿನಲ್ಲಿ ಅದಿಲ್ಲ. ನಮ್ಮಲ್ಲಿ ಯಂತ್ರದ ವೈರಿ ಹಿಮವಲ್ಲ, ತೇವ. ತೇವದ ಜೊತೆಗೆ ಹಳೆಯ ಪೆಟ್ರೋಲು, ಧೂಳು ಮತ್ತು ಇಲಿ.

ನಮ್ಮಲ್ಲಿ ಬಿಡುವಿನ ಕಾಲವೂ ಎಲ್ಲ ಯಂತ್ರಗಳಿಗೆ ಒಂದೇ ಅಲ್ಲ. ಬಾವಿಯ ಡೀಸೆಲ್ ಎಂಜಿನ್ನಿಗೆ ಬಿಡುವು ಮಳೆಗಾಲದಲ್ಲಿ. ಹುಲ್ಲು ಕೊಯ್ಯುವ ಮತ್ತು ಎಡೆ ಹೊಡೆಯುವ ಯಂತ್ರಗಳಿಗೆ ಸಂಕ್ರಾಂತಿಯ ಮುಂದೆ, ಮೃಗಶಿರಾ ಮಳೆ ಬರುವವರೆಗೆ. ದ್ರಾಕ್ಷಿಯ ಪಂಪಿಗೆ ಹಣ್ಣು ಕೊಯ್ಯುವ ಕಾಲದಲ್ಲಿ ಕೆಲವು ವಾರ, ಮಳೆಗಾಲದ ನಡುವೆ ಮತ್ತೆ ಕೆಲವು ವಾರ. ಆದ್ದರಿಂದ ತಿಂಗಳ ಲೆಕ್ಕ ಬೇಡ. ಒಂದು ಸಾದಾ ನಿಯಮ ಸಾಕು. ಯಾವ ಯಂತ್ರ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುವುದೋ ಅದನ್ನು ಕ್ರಮವರಿತು ಎತ್ತಿಡಬೇಕು.

ಪೆಟ್ರೋಲು ಏಕೆ ಕೆಡುತ್ತದೆ?

ಪೆಟ್ರೋಲು ಎಂದರೆ ಒಂದೇ ದ್ರವವಲ್ಲ. ಹಗುರ ಭಾರವಾದ ಅನೇಕ ದ್ರವಗಳ ಮಿಶ್ರಣ. ನಿಂತಲ್ಲಿ ಹಗುರವಾದ ಭಾಗ ಆವಿಯಾಗಿ ಹೋಗುತ್ತದೆ. ಬೇಗ ಹೊತ್ತಿಕೊಳ್ಳುವ ಭಾಗ ಅದೇ ಆದುದರಿಂದ ಹಳೆಯ ಪೆಟ್ರೋಲಿನಿಂದ ಎಂಜಿನ್ನು ಹೂಡುವುದು ಕಷ್ಟ. ಉಳಿದ ಭಾಗವು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗುತ್ತದೆ. ಕಾರ್ಬುರೇಟರಿನೊಳಗೆ ಪೆಟ್ರೋಲು ಹಾಯುವ ತೂತು ಸೂಜಿಯ ಮೊನೆಯಷ್ಟು ಸಣ್ಣದು. ತೆಳ್ಳನೆಯ ಅಂಟಿನ ಪದರ ಸಾಕು, ಅದು ಮುಚ್ಚಿಹೋಗುತ್ತದೆ.

ಇದು ಹಳೆಯ ಸಂಗತಿ. ಹೊಸ ಸಂಗತಿ ಇನ್ನೊಂದಿದೆ, ಮತ್ತು ಅದರ ಆರಂಭ ನಮ್ಮ ಬಗಲಲ್ಲೇ ಆಯಿತು. ಕಬ್ಬಿನಿಂದ ಬರುವ ಇಥೆನಾಲ್ ಎಂಬ ಮದ್ಯಸಾರವನ್ನು ಪೆಟ್ರೋಲಿನಲ್ಲಿ ಬೆರೆಸುವ ಪ್ರಯೋಗವನ್ನು ಭಾರತ ಸರಕಾರವು ೨೦೦೧ರಲ್ಲಿ ಮೂರು ಕಡೆ ಕೈಕೊಂಡಿತು. ಆ ಮೂರರಲ್ಲಿ ನಮ್ಮ ಮಿರಜ ಒಂದು. ಮನ್ಮಾಡ ಮತ್ತು ಉತ್ತರ ಪ್ರದೇಶದ ಆಂವ್ಲಾ ಉಳಿದೆರಡು. ೨೦೦೩ರಲ್ಲಿ ಕೆಲವು ರಾಜ್ಯಗಳಲ್ಲಿ ನೂರಕ್ಕೆ ೫ರಂತೆ ಬೆರೆಸಲು ಪ್ರಾರಂಭವಾಯಿತು. ೨೦೨೫ರ ಹೊತ್ತಿಗೆ ಅದು ನೂರಕ್ಕೆ ೨೦ಕ್ಕೆ ಮುಟ್ಟಿತು. ಇದರಿಂದ ನಮ್ಮ ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕಿತೆಂಬುದು ಸಂತೋಷದ ಮಾತೇ. ಆದರೆ ಅದೇ ಕಬ್ಬಿನ ಸಾರ ನಮ್ಮ ಪಂಪಿನ ಟಾಕಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಏನು ಮಾಡುತ್ತದೆಂಬುದನ್ನೂ ನಾವು ತಿಳಿದಿರಬೇಕು.

ಇಥೆನಾಲಿಗೆ ನೀರಿನ ಮೇಲೆ ಬಹಳ ಪ್ರೀತಿ. ಬೇಸಿಗೆಯ ನಂತರದ ಹಸಿ ಗಾಳಿಯಿಂದಲೂ ಅದು ತೇವ ಹೀರುತ್ತದೆ. ಮುಚ್ಚಳದ ಮೇಲೆ ಮಳೆ ಹನಿ ಬಿದ್ದರೆ ಹೇಳುವುದೇ ಬೇಡ. ತೇವ ಒಂದು ಮಿತಿಯನ್ನು ದಾಟಿತೆಂದರೆ ಇಥೆನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಡನೆ ಕೂಡಿ ಟಾಕಿಯ ತಳಕ್ಕೆ ಇಳಿಯುತ್ತದೆ. ಎಂಜಿನ್ನು ಪೆಟ್ರೋಲನ್ನು ಹೀರುವುದು ತಳದಿಂದಲೇ. ಆಗ ಕಾರ್ಬುರೇಟರಿಗೆ ಹೋಗುವುದು ನೀರು ಕೂಡಿದ ಮದ್ಯಸಾರ. ಅದು ಒಳಗಿನ ಹಿತ್ತಾಳೆ, ಜಸ್ತದ ಭಾಗಗಳಿಗೆ ಜಂಗು ಹಿಡಿಸುತ್ತದೆ. ಹಳೆಯ ಮಾದರಿಯ ರಬ್ಬರ್ ನಳಿಗೆಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ.

ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕುವ ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಇದರ ಅಪಾಯ ಇನ್ನೂ ಹೆಚ್ಚು. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ತಳದ ನೀರಿನಲ್ಲಿ ಎಣ್ಣೆ ಇರುವುದಿಲ್ಲ. ಅದನ್ನು ಕುಡಿದು ಎಂಜಿನ್ನು ಹೇಗೋ ಓಡಿದರೂ ಎಣ್ಣೆಯಿಲ್ಲದೆ ಪಿಸ್ಟನ್ನು ಒಣಗಿ ಹಿಡಿದುಕೊಳ್ಳುತ್ತದೆ. ಬಳಿಕ ಅದಕ್ಕೆ ಹೊಸ ಪಿಸ್ಟನ್ನು, ಹೊಸ ಸಿಲಿಂಡರೇ ಗತಿ.

ಒಂದು ಬಾಟಲಿಯ ಪ್ರಯೋಗ

ಇದನ್ನು ನಂಬದವರು ಕಣ್ಣಾರೆ ನೋಡಬಹುದು. ಉದ್ದನೆಯ ಸಣ್ಣ ಗಾಜಿನ ಬಾಟಲಿಯ ಮೇಲೆ ಕಾಗದದ ಪಟ್ಟಿ ಅಂಟಿಸಿ ಹತ್ತು ಸಮಭಾಗದ ಗೆರೆ ಎಳೆಯಿರಿ. ಒಂದು ಗೆರೆಯವರೆಗೆ ನೀರು, ಅದರ ಮೇಲೆ ಒಂಬತ್ತು ಗೆರೆ ಪೆಟ್ರೋಲು ಹಾಕಿ, ಮುಚ್ಚಿ ಮೆಲ್ಲಗೆ ಅಲುಗಾಡಿಸಿ ಹತ್ತು ನಿಮಿಷ ಇಡಿರಿ. ಪೆಟ್ರೋಲಿನಲ್ಲಿ ಇಥೆನಾಲ್ ಇಲ್ಲದಿದ್ದರೆ ತಳದ ನೀರು ಒಂದೇ ಗೆರೆ ಇರುತ್ತದೆ. ನೂರಕ್ಕೆ ೨೦ ಇದ್ದರೆ ತಳದ ನೀರು ಹಿಗ್ಗಿ ಹೆಚ್ಚುಕಡಿಮೆ ಮೂರನೆಯ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ಲೆಕ್ಕ ಸುಲಭ: ಒಂಬತ್ತು ಭಾಗದಲ್ಲಿ ಐದರಲ್ಲೊಂದು ಪಾಲು ಎಂದರೆ ೧.೮, ಅದಕ್ಕೆ ಮೊದಲಿನ ೧ ಕೂಡಿಸಿದರೆ ೨.೮. ಏಳನೆಯ ಇಯತ್ತೆಯ ಮಕ್ಕಳು ಕೂಡ ಈ ಲೆಕ್ಕವನ್ನು ಮಾಡಬಲ್ಲರು. ಪ್ರಯೋಗವನ್ನು ಮಾತ್ರ ದೊಡ್ಡವರೇ, ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರ ಮಾಡತಕ್ಕದ್ದು. ಬಳಸಿದ ಪೆಟ್ರೋಲನ್ನು ತಿರುಗಿ ಟಾಕಿಗೆ ಸುರಿಯಬಾರದು.

ಪೆಟ್ರೋಲ್ ಯಂತ್ರವನ್ನು ಎತ್ತಿಡುವ ಕ್ರಮ

ಒಂದು: ಯಂತ್ರ ಪೂರಾ ತಣ್ಣಗಾದ ಮೇಲೆ ಟಾಕಿಯ ಪೆಟ್ರೋಲನ್ನು ಬಸಿದು ತೆಗೆಯಿರಿ. ತಿಳಿಯಾಗಿದ್ದು ಎಣ್ಣೆ ಬೆರೆಸದ ಪೆಟ್ರೋಲಾಗಿದ್ದರೆ ಮೋಟಾರ್ ಸೈಕಲ್ಲಿಗೆ ಹಾಕಿ ಬೇಗ ಮುಗಿಸಬಹುದು. ಎಣ್ಣೆ ಬೆರೆಸಿದ್ದನ್ನು ಅಂಥದೇ ಇನ್ನೊಂದು ಯಂತ್ರಕ್ಕೆ ಮಾತ್ರ ಹಾಕಬೇಕು. ಬಾವಿಯ ಹತ್ತಿರವಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು.

ಎರಡು: ಬಯಲಿನಲ್ಲಿಟ್ಟು ಎಂಜಿನ್ನನ್ನು ಮತ್ತೆ ಹೂಡಿ, ಭಾರ ಕೊಡದೆ ಓಡಲು ಬಿಡಿರಿ. ನಳಿಗೆಯಲ್ಲೂ ಕಾರ್ಬುರೇಟರಿನಲ್ಲೂ ಉಳಿದದ್ದು ತೀರಿದೊಡನೆ ತಾನೇ ನಿಲ್ಲುತ್ತದೆ. ಬಳಿಕ ಕಾರ್ಬುರೇಟರಿನ ತಳದ ತಿರುಪು ಸಡಿಲಿಸಿ ಕೊನೆಯ ಹನಿಯನ್ನೂ ಇಳಿಸಿ ಬಿಗಿ ಮಾಡಿರಿ. ಟಾಕಿ ಬರಿದು ಮಾಡಿ ಇದನ್ನು ಬಿಟ್ಟರೆ ಅರ್ಧ ಕೆಲಸವೇ ಆದಂತೆ. ಯಾಕಂದರೆ ಅಂಟು ಕಟ್ಟುವುದು ಟಾಕಿಯಲ್ಲಲ್ಲ, ಕಾರ್ಬುರೇಟರಿನಲ್ಲಿ.

ಮೂರು: ನಾಲ್ಕು ಹೊಡೆತದ ಎಂಜಿನ್ನಾದರೆ ಬೆಚ್ಚಗಿರುವಾಗಲೇ ಒಳಗಿನ ಕಪ್ಪು ಎಣ್ಣೆ ತೆಗೆದು ಹೊಸದು ಹಾಕಿರಿ. ದುಡಿದ ಎಣ್ಣೆಯಲ್ಲಿ ಮಸಿ, ನೀರು, ಆಮ್ಲ ಕೂಡಿರುತ್ತವೆ. ಮುಂದಿನ ಹಂಗಾಮಿಗೆ ಹಾಕೋಣವೆಂದು ಬಿಟ್ಟರೆ ಅಷ್ಟೂ ದಿನ ಆ ಆಮ್ಲ ಬೇರಿಂಗುಗಳನ್ನು ತಿನ್ನುತ್ತ ಕೂಡ್ರುತ್ತದೆ.

ನಾಲ್ಕು: ಪ್ಲಗ್ಗು ಬಿಚ್ಚಿ ಆ ತೂತಿನೊಳಗೆ ಒಂದು ಸಣ್ಣ ಚಮಚ, ಅಂದರೆ ೫ ಮಿಲಿಲೀಟರಿನಷ್ಟು, ಶುದ್ಧ ಎಂಜಿನ್ ಎಣ್ಣೆ ಬಿಡಿರಿ. ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆದರೆ ಎಣ್ಣೆ ಗೋಡೆಗಳಿಗೆ ಬಳಿದುಕೊಳ್ಳುತ್ತದೆ. ಪ್ಲಗ್ಗು ಹಾಕಿದ ಮೇಲೆ ಹಗ್ಗ ಬಿಗಿಯಾಗುವ ಠಾವಿಗೆ ಪಿಸ್ಟನ್ನನ್ನು ತಂದು ನಿಲ್ಲಿಸಿರಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಆಗ ಎರಡೂ ವಾಲ್ವುಗಳು ಮುಚ್ಚಿದ್ದು ಹಸಿ ಗಾಳಿ ಒಳಗೆ ಹೋಗುವುದಿಲ್ಲ.

ಐದು: ಗಾಳಿ ಸೋಸುವ ಜಾಳಿಯನ್ನು ತೆಗೆಯಿರಿ. ಅದು ಸ್ಪಂಜಿನದಾದರೆ ಸಾಬೂನು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಕೂಡಿಸಬೇಕು. ಕಾಗದದ್ದಾದರೆ ತೊಳೆಯದೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು. ಎಂಜಿನ್ನಿನ ರೆಕ್ಕೆಗಳ ಸಂದಿನ ಕಸವನ್ನು ಕಡ್ಡಿಯಿಂದ ತೆಗೆಯಿರಿ. ಹುಲ್ಲು ಕೊಯ್ಯುವ ಅಲಗನ್ನು ಒರೆಸಿ ಎಣ್ಣೆ ಸವರಿ, ಪಟ್ಟಾ ಇದ್ದರೆ ಸಡಿಲು ಮಾಡಿರಿ. ಹೊಗೆ ಬರುವ ಬಾಯಿಯನ್ನು ಅರಿವೆಯಿಂದ ಮುಚ್ಚಿ ಕಟ್ಟಿರಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ಠಾವು ಬಹಳ ಇಷ್ಟ.

ಡೀಸೆಲ್ ಎಂಜಿನ್ನಿಗೆ ಬೇರೆ ನಿಯಮ

ಡೀಸೆಲ್ ಎಂಜಿನ್ನು ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೧೦ರಲ್ಲಿ ಕುಂಡಲ್ ರೋಡ್ ಸ್ಟೇಶನ್ನಿನ ಬಳಿ ಕಾರಖಾನೆಯನ್ನು ಹೂಡಿದರು. ಅದೇ ಇಂದಿನ ಕಿರ್ಲೋಸ್ಕರವಾಡಿ. ೧೯೪೬ರಲ್ಲಿ ಅದೇ ಮನೆತನದವರು ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳ ಕಂಪನಿಯನ್ನು ಸ್ಥಾಪಿಸಿದರು. ಕಬ್ಬಿಣದ ನೇಗಿಲಿಗೆ ಎಣ್ಣೆ ಸವರಿ ತೂಗುಹಾಕಿದರೆ ಮುಗಿಯಿತು. ಎಂಜಿನ್ನಿಗೆ ಅಷ್ಟು ಸಾಲದು.

ಇಲ್ಲಿ ನೆನಪಿಡತಕ್ಕ ಮಾತೆಂದರೆ, ಪೆಟ್ರೋಲಿನ ನಿಯಮಕ್ಕೆ ಡೀಸೆಲಿನ ನಿಯಮ ತೀರ ತಿರುಗಾ ಮುರುಗಾ. ಪೆಟ್ರೋಲ್ ಟಾಕಿಯನ್ನು ಬರಿದು ಮಾಡಬೇಕು. ಡೀಸೆಲ್ ಟಾಕಿಯನ್ನು ತುಂಬಿಸಬೇಕು. ಅರ್ಧ ಟಾಕಿ ಬಿಟ್ಟರೆ ಮೇಲಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ಡೀಸೆಲಿಗೆ ಇಳಿಯುತ್ತದೆ. ಇನ್ನು ಡೀಸೆಲನ್ನು ಪೂರಾ ತೀರಿಸಿದರೆ ನಳಿಗೆಗಳಲ್ಲಿ ಗಾಳಿ ಸೇರಿ, ಅದನ್ನು ಹೊರಗೆ ಹಾಕುವವರೆಗೆ ಎಂಜಿನ್ನು ಹೂಡುವುದಿಲ್ಲ. ಆದ್ದರಿಂದ ಮೊದಲು ಸೋಸುವ ಬಟ್ಟಲಿನ ತಳದ ನೀರು, ಗಸಿ ತೆಗೆದು, ಬಳಿಕ ಟಾಕಿ ತುಂಬಿಸಿ ಮುಚ್ಚಳ ಭದ್ರ ಮಾಡಿರಿ.

ತಂಪು ಮಾಡುವ ನೀರಿದ್ದರೆ ತಳದ ತೋಟಿ ಬಿಚ್ಚಿ ಪೂರಾ ಇಳಿಸಿರಿ. ನಮ್ಮ ಕಡೆಯ ಸವಳು ನೀರು ಒಳಗೆ ನಿಂತರೆ ಜಂಗೂ ಬಿಳಿ ಪಾಚಿಯಂಥ ಪದರವೂ ಕಟ್ಟುತ್ತದೆ. ಪಂಪಿನ ಹೊಟ್ಟೆಯ ನೀರನ್ನೂ ಹಾಗೆಯೇ ಇಳಿಸಬೇಕು. ತಿಂಗಳಿಗೊಮ್ಮೆ ಒತ್ತಡ ಬಿಡಿಸುವ ಹಿಡಿಕೆ ಎತ್ತಿ ಗಾಲಿಯನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿದರೆ ಒಳಗಿನ ಭಾಗಗಳಿಗೆ ಎಣ್ಣೆ ಹತ್ತುತ್ತದೆ. ಮ್ಹೈಸಾಳದ ಸುತ್ತ ಕೃಷ್ಣೆಯ ದಂಡೆಯಲ್ಲಿ ಎಂಜಿನ್ನು, ಮೋಟಾರು ಇಟ್ಟವರಿಗೆ ಇನ್ನೊಂದು ಮಾತು: ೨೦೦೫, ೨೦೧೯ ಮತ್ತು ೨೦೨೧ರ ನೆರೆಯ ನೀರು ಎಲ್ಲಿಗೆ ಬಂದಿತ್ತೆಂಬುದು ದಂಡೆಯ ಊರಿನವರಿಗೆಲ್ಲ ಗೊತ್ತು. ಬಿಚ್ಚಿ ತರಲು ಬರುವಂಥದನ್ನು ಆ ಗುರುತಿನ ಮೇಲೆ, ಜೋರು ಮಳೆ ಹತ್ತುವ ಮೊದಲೇ ತರಬೇಕು.

ಔಷಧ ಹೊಡೆಯುವ ಪಂಪು

ಇದರಲ್ಲಿ ಎಂಜಿನ್ನು ಅರ್ಧ, ನೀರಿನ ಭಾಗ ಅರ್ಧ. ಮೈಲುತುತ್ತು ಸುಣ್ಣಗಳ ಬೋರ್ಡೊ ಮಿಶ್ರಣ ಕಬ್ಬಿಣಕ್ಕೆ ಒಳ್ಳೆಯದಲ್ಲ. ಒಳಗೆ ಒಣಗಿದರೆ ಸುಣ್ಣದ ಹೆಕ್ಕಳಿಕೆ ಕಟ್ಟುತ್ತದೆ. ಕೊನೆಯ ದಿನ ಶುದ್ಧ ನೀರಿನಿಂದ ಮೂರು ಸಲ ತೊಳೆಯಿರಿ. ಪ್ರತಿ ಸಲವೂ ಪಂಪು ನಡೆಸಿ ನೀರು ಪೈಪಿನ ತುದಿಯಿಂದ ಹೊರಬರುವಂತೆ ಮಾಡಬೇಕು. ಆ ನೀರನ್ನು ಅದೇ ತೋಟದಲ್ಲಿ ಚದುರಿಸಿ ಹೊಡೆಯಿರಿ. ದನ ಕುಡಿಯುವ ಕಡೆ ಬಿಡಬೇಡಿರಿ. ಕೊನೆಗೆ ಒಳಗೆ ನೀರು ಉಳಿಯದಂತೆ ಬಸಿದು, ಒತ್ತಡದ ತಿರುಪನ್ನು ಸಡಿಲಿಸಿ, ಎಣ್ಣೆ ಮತ್ತು ಗ್ರೀಸು ನೋಡಿರಿ.

ಹನಿ ಸಿಡಿಯುವ ಬಾಯಿಗಳನ್ನು ಬಿಚ್ಚಿ ನೀರು ಬೆರೆಸಿದ ವಿನಿಗರಿನಲ್ಲಿ ನೆನೆಹಾಕಿದರೆ ಸುಣ್ಣ ಬಿಡುತ್ತದೆ. ಬಳಿಕ ಹಳೆಯ ಹಲ್ಲಿನ ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು. ತಂತಿ, ಸೂಜಿ ಹಾಕಿ ಚುಚ್ಚಬಾರದು. ತೂತು ಕೂದಲೆಳೆಯಷ್ಟು ಅಗಲವಾದರೂ ಹನಿ ದಪ್ಪವಾಗಿ ಔಷಧ ಹೆಚ್ಚು ಹೋಗುತ್ತದೆ. ಪೈಪನ್ನು ಮೊಳೆಗೆ ತೂಗುಹಾಕದೆ ಅಗಲವಾದ ಸುರುಳಿ ಮಾಡಿ ನೆರಳಲ್ಲಿಡಿರಿ.

ಕಳೆನಾಶಕ ಹೊಡೆದ ಪಂಪನ್ನು ದ್ರಾಕ್ಷಿಯ ಪಂಪಿನ ಸಂಗಡ ಇಡಲೇ ಬಾರದು. ಟೂ-ಫೋರ್-ಡಿ ಎಂಬ ಕಳೆನಾಶಕದ ಅಲ್ಪ ಅಂಶ ತಗಲಿದರೂ ದ್ರಾಕ್ಷಿಯ ಚಿಗುರು ಮುರುಟಿಕೊಳ್ಳುತ್ತದೆ. ಎತ್ತಿಡುವಾಗಲೇ ಅದರ ಮೇಲೆ ಕೆಂಪು ಬಣ್ಣದ ಪಟ್ಟಿ ಬಳಿದು ಬೇರೆ ಇಟ್ಟರೆ ಮುಂದೆ ಆಳಿಗೂ ತಪ್ಪು ಆಗುವುದಿಲ್ಲ.

ಬ್ಯಾಟರಿಯ ಪಂಪು

ಬೆನ್ನಿಗೆ ಹೊರುವ ಬ್ಯಾಟರಿ ಪಂಪುಗಳಲ್ಲಿ ಬಹಳಷ್ಟು ಸೀಸದ ಬ್ಯಾಟರಿಯವು, ೧೨ ವೋಲ್ಟಿನವು. ಸೀಸದ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿ ಬಿಟ್ಟರೆ ಫಲಕಗಳ ಮೇಲೆ ಗಟ್ಟಿ ಉಪ್ಪು ಕಟ್ಟಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ತುಂಬುವುದಿಲ್ಲ. ಪೂರಾ ತುಂಬಿಸಿ ಇಟ್ಟು ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಲಿಥಿಯಂ ಬ್ಯಾಟರಿಯಾದರೆ ಹೆಚ್ಚುಕಡಿಮೆ ಅರ್ಧ ತುಂಬಿಸಿ ತಂಪು ಜಾಗದಲ್ಲಿಡಬೇಕು. ಪತ್ರೆಯ ಕೆಳಗಿನ ಬಿಸಿ ಅದಕ್ಕೆ ಆಗದು.

ಎಲ್ಲಿ ಇಡಬೇಕು?

ಮಣ್ಣಿನ ನೆಲದ ಮೇಲೆ ಬೇಡ. ಎರಡು ಹಲಗೆ ಇಲ್ಲವೆ ಇಟ್ಟಿಗೆಗಳ ಮೇಲೆ ಇಡಿರಿ. ಗೊಬ್ಬರದ ಚೀಲಗಳ ಬಗಲಿಗೆ ಬೇಡ. ಯೂರಿಯಾ, ಪೊಟ್ಯಾಶುಗಳು ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ಜಂಗು ಹಿಡಿಸುತ್ತವೆ. ದನದ ಕೊಟ್ಟಿಗೆಯೂ ಬೇಡ. ಗಂಜಳದಿಂದೇಳುವ ಅಮೋನಿಯಾ ತಾಮ್ರ ಹಿತ್ತಾಳೆಗಳನ್ನು ತಿನ್ನುತ್ತದೆ. ಒಲೆಯಿರುವ ಮನೆಯಂತೂ ಬೇಡವೇ ಬೇಡ. ಬರಿದಾದ ಟಾಕಿಯಲ್ಲೂ ಪೆಟ್ರೋಲಿನ ಆವಿ ಇರುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಸುತ್ತಿದರೆ ಒಳಗೆ ಬೆವರುತ್ತದೆ. ಹಳೆಯ ಧೋತರ ಇಲ್ಲವೆ ಸೀರೆ ಹೊದಿಸಿದರೆ ಧೂಳು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಕಾಳಿನ ಚೀಲಗಳಿದ್ದಲ್ಲಿ ಇಲಿ ಬರುವುದು ನಿಶ್ಚಯ. ಇಲಿ ಬಂದಲ್ಲಿ ತಂತಿ ಉಳಿಯುವುದಿಲ್ಲ.

ಒಂದು ಚೀಟಿ ಕಟ್ಟಿರಿ

ಎತ್ತಿಟ್ಟ ದಿನವೇ ಒಂದು ರಟ್ಟಿನ ಚೀಟಿಯನ್ನು ಹಿಡಿಕೆಗೆ ಕಟ್ಟಿರಿ. ಅದರ ಮೇಲೆ ನಾಲ್ಕು ಮಾತು ಸಾಕು: ಎತ್ತಿಟ್ಟ ತಾರೀಖು, ಎಣ್ಣೆ ಬದಲಿಸಿದೆಯೋ ಇಲ್ಲವೋ, ಯಾವ ಭಾಗ ಹೊಸದಾಗಿ ತರಬೇಕು, ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು. ಈ ಕೊನೆಯ ಮಾತಿನಲ್ಲಿ ಬಹಳ ಜನ ಎಡವುತ್ತಾರೆ. ಯಂತ್ರದ ಪುಸ್ತಕದಲ್ಲಿ ೨೫ಕ್ಕೆ ೧ ಎಂದಿದ್ದರೆ ಒಂದು ಲೀಟರಿಗೆ ೪೦ ಮಿಲಿಲೀಟರ್. ೫೦ಕ್ಕೆ ೧ ಎಂದಿದ್ದರೆ ೨೦ ಮಿಲಿಲೀಟರ್. ಚೀಟಿಯನ್ನು ಕನ್ನಡದಲ್ಲೇ ಬರೆಯಿರಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಮನೆಯ ಮಕ್ಕಳಿಂದ ಬರೆಸಿದರೆ ಇನ್ನೂ ಒಳ್ಳೆಯದು. ಯಂತ್ರದ ಜ್ಞಾನವೂ ಬರುತ್ತದೆ, ಅಕ್ಷರವೂ ತಿದ್ದುತ್ತದೆ.

ಮತ್ತೆ ಹೊರಗೆ ತೆಗೆಯುವಾಗ

ಬೇಕಾದ ದಿನಕ್ಕಿಂತ ಒಂದು ವಾರ ಮುಂಚೆ ಹೊರಗೆ ತೆಗೆಯಿರಿ. ಚೀಟಿ ಓದಿ, ಹೊಗೆಯ ಬಾಯಿಯ ಅರಿವೆ ಬಿಚ್ಚಿ, ನಟ್ಟು ತಿರುಪುಗಳ ಬಿಗಿ, ನಳಿಗೆಗಳ ಬಿರುಕು, ಎಣ್ಣೆಯ ಮಟ್ಟ ನೋಡಿರಿ. ಹೊಸ ಪೆಟ್ರೋಲು ಸ್ವಲ್ಪವೇ ಹಾಕಿ ಹೂಡಿರಿ. ಮೊದಲು ಒಳಗೆ ಬಿಟ್ಟ ಎಣ್ಣೆ ಸುಟ್ಟು ಬಿಳಿ ಹೊಗೆ ಬರುತ್ತದೆ, ಅಂಜಬೇಕಾಗಿಲ್ಲ. ಐದು ನಿಮಿಷ ಭಾರವಿಲ್ಲದೆ ಓಡಿಸಿ ಬಳಿಕ ಕೆಲಸಕ್ಕೆ ಹಚ್ಚಬಹುದು. ಏನಾದರೂ ತ್ರಾಸಿದ್ದರೆ ಮಿಸ್ತ್ರಿಯ ಹತ್ತಿರ ಹೋಗಲು ಇನ್ನೂ ಒಂದು ವಾರ ಕೈಯಲ್ಲಿರುತ್ತದೆ.

ಮಹಾನವಮಿಯ ಖಂಡೆ ಪೂಜೆಯ ದಿನ ನಾವೆಲ್ಲ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತೇವೆ. ಬಹು ಒಳ್ಳೆಯ ಪದ್ಧತಿ. ಅದೇ ದಿನ ಟಾಕಿಯ ಮುಚ್ಚಳವನ್ನೂ ತೆಗೆದು ಒಳಗೆ ಎಂದಿನ ಪೆಟ್ರೋಲಿದೆಯೆಂದು ನೋಡಿದರೆ ಪೂಜೆ ಪೂರ್ಣವಾದೀತು. ಮೇಲೆ ಹೇಳಿದ್ದಕ್ಕೆಲ್ಲ ಬೇಕಾಗುವುದು ಯಂತ್ರಕ್ಕೆ ಅರ್ಧ ದಿನ, ಒಂದಿಷ್ಟು ಎಣ್ಣೆ, ಒಂದು ಹಳೆಯ ಅರಿವೆ. ಈ ಬಿಡುವಿನಲ್ಲಿ ಒಂದೇ ಯಂತ್ರಕ್ಕಾದರೂ ಇದನ್ನು ಮಾಡಿ ನೋಡಿರಿ. ಛಾಟಣಿಯ ನಂತರದ ಮಳೆಯ ಮರುದಿನ ಅದು ಮೊದಲ ಎಳೆತಕ್ಕೇ ಹೂಡಿದಾಗ ಇದರ ಬೆಲೆ ನಿಮಗೇ ತಿಳಿಯುವುದು.